ಪಾಪಸುಕಳ್ಳಿ ಎಲೆ ಉದುರೋದು ನಿಂತದ್ದು ಹೀಗೆ: ನನ್ನ ಅನುಭವ

ಮೇವಿಗೆಂದು ಮುಳ್ಳಿಲ್ಲದ ಪಾಪಸುಕಳ್ಳಿ ಹಾಕಿದವರದ್ದೆಲ್ಲ ಒಂದೇ ದೂರು: ಎಲೆ ಗಂಟಿನಲ್ಲಿ ಕಳಚಿ ಬೀಳುತ್ತೆ. (ಎಲೆ ಅನ್ನೋದು ನಮ್ಮ ರೂಢಿ, ನಿಜಕ್ಕೆ ಅದು ಕಾಂಡ.) ಅರಸೀಕೆರೆ ಕಡೆಯ ಗರಸು ನೆಲದಲ್ಲಿ ನನ್ನ ಸಾಲುಗಳು ಎರಡು ಮಳೆಗಾಲ ದಾಟಿವೆ. "ಕಳ್ಳಿಗೆಂಥ ಉಪಚಾರ, ಮಳೆ ಬಿದ್ದಾಗ ಚುಚ್ಚಿದರೆ ಸಾಕು" ಅಂದವರ ಹೊಲದಲ್ಲಿ ಮೋಟು ಬುಡಗಳಷ್ಟೇ ಇವೆ.

ಬಿದ್ದ ಎಲೆ ಎತ್ತಿ ಮೊದಲು ಗಾಯ ನೋಡಿ. ಒಣಗಿ ಬೆಂಡಿನಂತಿದ್ದರೆ ಗಾಳಿಗೋ ಭಾರಕ್ಕೋ ಮುರಿದದ್ದು. ಹಾಗೆ ಬಿದ್ದಲ್ಲೇ ಬೇರು ಬಿಡೋದು ಈ ಗಿಡ ಹಬ್ಬೋ ದಾರಿ. ಕಂದು ನೀರು ಸೋರಿ, ಒತ್ತಿದರೆ ಬೆರಳು ಒಳಗಿಳಿದರೆ ಕೊಳೆರೋಗ. ಹತ್ತಿ ಅಂಟಿದಂತೆ ಬಿಳಿ ಕಂಡು, ಹಿಸುಕಿದಾಗ ಕುಂಕುಮ ಕದಡಿದಂಥ ಕೆಂಪು ಬಂದರೆ ಕೊಚಿನೀಲ್ ಹುಳ. ಹೊಲ ನುಂಗುತ್ತಿದ್ದ ಕಾಡು ಪಾಪಸುಕಳ್ಳಿಯನ್ನು ಅಡಗಿಸಲು 1926ರಲ್ಲಿ ನಮ್ಮ ದೇಶಕ್ಕೆ ತಂದು ಬಿಟ್ಟದ್ದು ಇದರದೇ ಒಂದು ಜಾತಿ. ಶುರುವಲ್ಲೇ ಸೋಪಿನ ನೀರು ಹಾಕಿ ಉಜ್ಜಿದರೆ ಹತೋಟಿಗೆ ಬರುತ್ತೆ.

ಮೊದಲ ಸಲ 400 ಎಲೆ, ಸಾಗಣೆ ಸೇರಿ ಒಂದಕ್ಕೆ 15 ರೂಪಾಯಿ ಆಸುಪಾಸು. ಕೊಯ್ದ ನಾಲ್ಕನೇ ದಿನಕ್ಕೇ ಜೂನ್ ಮಳೆಯಲ್ಲಿ ನೆಟ್ಟದ್ದು ತಪ್ಪು. ಹಸಿ ಸಗಣಿ, ಯೂರಿಯಾ ಹಾಕಿದ್ದು ಇನ್ನೂ ದೊಡ್ಡ ತಪ್ಪು. ಅರ್ಧಕ್ಕೂ ಹೆಚ್ಚು ಕೊಳೆತು ಮೂರೂವರೆ ಸಾವಿರ ಮಣ್ಣುಪಾಲು. ಉಳಿದವು ಯೂರಿಯಾ ಸೊಕ್ಕಿಗೆ ಎಲೆ ಮೇಲೆ ಎಲೆ ಏರಿಸಿ, ಮರುವರ್ಷದ ಆಷಾಢದ ಗಾಳಿಗೆ ಗಂಟಿನಲ್ಲೇ ಮುರಿದವು.

ಈಗ ಫೆಬ್ರವರಿಯಲ್ಲೇ ಕೆಲಸ. ವರ್ಷ ತುಂಬಿದ ಎಲೆಯನ್ನು ಗಂಟಿನಲ್ಲಿ ಹರಿತ ಚಾಕುವಿನಿಂದ ಕೊಯ್ದು, ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ ಕೊಳೆ ತಡೆಯೋ ಔಷಧಿ) ಬಳಿದು, ನೆರಳಲ್ಲಿ ಮೂರು ವಾರ ನಿಲ್ಲಿಸಿಡುತ್ತೇನೆ. ಮುಲಾಮು ಮಾಡೋದು ಅಡಿಕೆ, ಕಾಫಿಯವರಿಗೆ ಹೇಳಿಕೊಡಬೇಕಿಲ್ಲ. ಅದಕ್ಕೆ ನಾನು ಸೇರಿಸೋ ಇನ್ನೊಂದು ಸಾಮಾನು ಮಾತ್ರ ನನ್ನಲ್ಲೇ ಇರಲಿ. ಒಂದಡಿ ಎತ್ತರದ ಏರುಮಡಿ, ಮೂರಡಿ ಅಂತರ, ಎಲೆಯ ಮೂರನೇ ಒಂದು ಭಾಗ ಮಣ್ಣಿನೊಳಗೆ, ಅಗಲದ ಮೈ ಪೂರ್ವ ಪಶ್ಚಿಮಕ್ಕೆ. ಎರಡು ವಾರ ಹನಿ ನೀರೂ ಇಲ್ಲ. ಆಮೇಲೆ ಹದಿನೈದು ದಿನಕ್ಕೊಮ್ಮೆ ಒಂದು ಚೊಂಬು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಕೆಜಿ, ಅದೂ ಬುಡದಿಂದ ಗೇಣು ದೂರ. ಮುಂಗಾರಿನ ಹೊತ್ತಿಗೆ ಬೇರು ಕಚ್ಚಿರುತ್ತೆ, ಗಾಯ ಮುಚ್ಚಿರುತ್ತೆ.

ತೆಂಗಿನ ಸಾಲಿನ ನಡುವೆಯೂ ಒಂದಿಪ್ಪತ್ತು ಹಾಕಿ ನೋಡಿದೆ. ನೆರಳಿಗೆ ಎಲೆ ಸಣಕಲಾಗಿ, ಬಿಳಿಚಿಕೊಂಡು ಉದ್ದ ಬಂತು. ಕೈ ತಗುಲಿದರೆ ಸಾಕು, ಕಳಚುತ್ತೆ. ಬುಡಕ್ಕೆ ತೆಂಗಿನ ನಾರು ಹೊದಿಸಿದ್ದೂ ದಂಡ, ತೇವ ಹಿಡಿದು ಕೊಳೆಸಿತು.

ಮೇವಿಗೆ ಕೊಯ್ಯೋದು ಮಧ್ಯಾಹ್ನದ ಮೇಲೆ, ಬೆಳಗ್ಗೆ ಎಲೆಯಲ್ಲಿ ಹುಳಿ ಜಾಸ್ತಿ. ಬುಡದ ಎಲೆ, ಅದರ ಮೇಲಿನದು ಬಿಟ್ಟು ಉಳಿದದ್ದು ತೆಗೆಯಬಹುದು. ಕೊಚ್ಚಿ ರಾಗಿ ಹುಲ್ಲಿನ ಜೊತೆಗೇ ಹಾಕಿ, ಬರೀ ಕಳ್ಳಿ ಕೊಟ್ಟರೆ ಹಸು ಉಚ್ಚಿಕೊಳ್ಳುತ್ತೆ. ಗಾಯ ಒಣಗಿದ್ದ ಎಲೆ ಬಿದ್ದರೆ ಎಸೀಬೇಡಿ. ಬದುವಿನ ಎರಡು ಸಾಲು ಅಂಥವನ್ನೇ ನೆಟ್ಟು ಎಬ್ಬಿಸಿದ್ದು.