ಬೇಲಂ ಗುಹೆಗೆ ಹೋಗುವವರಿಗೆ

ಬೆಂಗಳೂರು, ಬಳ್ಳಾರಿ ಕಡೆಯಿಂದ ಆಂಧ್ರದ ಬೇಲಂ ಗುಹೆಗೆ ಹೊರಟಿದ್ದೀರಾ? ತಾಡಿಪತ್ರಿ ದಾಟಿದರೆ ಸುಮಾರು 30 ಕಿ.ಮೀ. ಅಷ್ಟೆ. ಗುಹೆ ಅಂದರೆ ತಂಪು ಅಂದುಕೊಂಡು ಸ್ವೆಟರ್ ಒಯ್ಯಬೇಡಿ. ಒಳಗೆ ವಿಪರೀತ ಸೆಕೆ, ಬೆವರು ಸುರಿಯುತ್ತದೆ. ತೆಳು ಹತ್ತಿ ಬಟ್ಟೆ, ಜಾರದ ಚಪ್ಪಲಿ, ಕುಡಿಯಲು ನೀರು ಸಾಕು. ಗುಹೆ 3 ಕಿ.ಮೀ.ಗೂ ಜಾಸ್ತಿ ಉದ್ದವಿದೆ, ನಮಗೆ ಬಿಡುವುದು ಅರ್ಧದಷ್ಟು ಮಾತ್ರ. ಅಷ್ಟಕ್ಕೇ ಕಾಲು ನೋಯುತ್ತದೆ ಬಿಡಿ!

ಪಾತಾಳಗಂಗೆಯನ್ನು ಮಾತ್ರ ತಪ್ಪಿಸಬೇಡಿ. ಪ್ರವೇಶದ್ವಾರದಿಂದ ಸುಮಾರು 46 ಮೀಟರ್ ಆಳ, ಗುಹೆಯ ಅತಿ ತಗ್ಗಿನ ಜಾಗ. ದೊಡ್ಡ ಹೊಳೆ ಅಂತ ನಿರೀಕ್ಷೆ ಬೇಡ. ಸಣ್ಣ ತೊರೆ, ನೆಲದೊಳಗೆ ಮಾಯವಾಗುತ್ತದೆ. ದಾರಿ ಇಕ್ಕಟ್ಟು, ಅಲ್ಲಲ್ಲಿ ಬಗ್ಗಬೇಕು. ಮಂಡಿನೋವು, ಉಬ್ಬಸ ಇರುವ ಹಿರಿಯರನ್ನು ಸುಮ್ನೆ ಒತ್ತಾಯ ಮಾಡಿ ಇಳಿಸಬೇಡಿ. ಮೇಲಿನ ಭಾಗವೇ ಅವರಿಗೆ ಚೆನ್ನ.