ರಾಜಮುಡಿ ಹುಲ್ಲಿನಲ್ಲಿ ಶಿಮೆನವಾ ಹೊಸೆಯುವ ಕ್ರಮ

ಜಪಾನಿನ ಶಿಂತೋ ಗುಡಿಗಳ ಬಾಗಿಲಿಗೆ ಕಟ್ಟುವ ಭತ್ತದ ಹುಲ್ಲಿನ ಹಗ್ಗವೇ ಶಿಮೆನವಾ. ಇಲ್ಲಿಂದಾಚೆ ದೇವರ ಜಾಗ ಎಂಬ ಗುರುತು. ಹೊಸ ವರ್ಷಕ್ಕೆ ಮನೆ ಬಾಗಿಲಿಗೂ ಕಟ್ಟುತ್ತಾರೆ. ಆಲೂರು, ಸಕಲೇಶಪುರದ ಗದ್ದೆ ಕೊಯ್ಲು ಮುಗಿಯುವ ಹೊತ್ತಿಗೇ ಅದರ ಕಾಲವೂ ಬರುತ್ತದೆ.

ಹುಲ್ಲು ಸರಿಯಿದ್ದರೆ ಅರ್ಧ ಕೆಲಸ ಆದಂತೆ. ಮಷೀನಿನಲ್ಲಿ ಕೊಯ್ದದ್ದು ತುಂಡಾಗಿರುತ್ತದೆ, ಕಣದಲ್ಲಿ ತುಳಿಸಿದ್ದು ಸೀಳಿರುತ್ತದೆ, ಎರಡೂ ಬೇಡ. ಕುಡುಗೋಲಿನಲ್ಲಿ ಬುಡಕ್ಕೆ ಕೊಯ್ದು, ಕಲ್ಲಿಗೆ ಬಡಿದು ಭತ್ತ ಉದುರಿಸಿದ ರಾಜಮುಡಿ ತಳಿಯ ಭತ್ತದ ಹುಲ್ಲು ಉದ್ದವಿದ್ದು ಚೆನ್ನಾಗಿ ಒಗ್ಗುತ್ತದೆ. ಮಳೆಗೆ ನೆನೆದು ಕಪ್ಪಾದದ್ದನ್ನು ದನಕ್ಕೂ ಹಾಕಬೇಡಿ, ಹಗ್ಗಕ್ಕೂ ಬೇಡ.

60 ಕಡ್ಡಿ ಸಾಕು. ಒಣ ಎಲೆಗಳನ್ನು ಬೆರಳಲ್ಲಿ ಬಾಚಿ ತೆಗೆಯಿರಿ. ನೀರು ಚಿಮುಕಿಸಿ ಒದ್ದೆ ಗೋಣಿಯಲ್ಲಿ ಒಂದು ಗಂಟೆ ಸುತ್ತಿಡಿ. ನೀರಲ್ಲಿ ಮುಳುಗಿಸಿದರೆ ಕಡ್ಡಿ ಉಬ್ಬುತ್ತದೆ, ಒಣಗಿದ ಮೇಲೆ ಹಗ್ಗ ಸಡಿಲವಾಗುತ್ತದೆ. ಆಮೇಲೆ ಬುಡದ ಗಿಣ್ಣುಗಳನ್ನು ಕೊಡತಿಯಿಂದ ಹದವಾಗಿ ಬಡಿಯಿರಿ. ಇದನ್ನು ಬಿಟ್ಟರೆ ತಿರುಚುವಾಗ ಗಿಣ್ಣಿನಲ್ಲೇ ಮುರಿಯುವುದು.

ಬುಡಗಳನ್ನು ಒಟ್ಟಿಗೆ ಬಿಗಿದು ಕಂಬಕ್ಕೆ ಕಟ್ಟಿ, ತುದಿಗಳು ನಿಮ್ಮ ಕಡೆಗಿರಲಿ. 30-30ರ ಎರಡು ಎಳೆ ಮಾಡಿ. ಒಂದೊಂದು ಎಳೆಯನ್ನೂ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಚುತ್ತಾ, ಎರಡನ್ನೂ ಒಂದರ ಮೇಲೊಂದು ಅದರ ವಿರುದ್ಧ ದಿಕ್ಕಿಗೆ ಹೆಣೆಯಿರಿ. ಎರಡೂ ಒಂದೇ ದಿಕ್ಕಿಗಾದರೆ ಕೈ ಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತದೆ. ಜಪಾನಿನಲ್ಲಿ ಕೆಲಸದ ಹಗ್ಗಕ್ಕೆ ಬಲ ಹೊಸೆತ, ದೇವರದಕ್ಕೆ ಈ ಎಡ ಹೊಸೆತ. ರೂಢಿಯ ಕೈ ಹಟ ಮಾಡುತ್ತದೆ, ಮೊದಲ ಒಂದೆರಡು ಗೇಣು ಬಿಚ್ಚಿ ಮತ್ತೆ ಹೊಸೆಯಬೇಕಾದೀತು. ಹೊರಚಾಚಿದ ನಾರನ್ನು ಕತ್ತರಿಯಿಂದ ಸವರಿ ನೆರಳಲ್ಲಿ ಒಣಗಿಸಿ.

ಹಗ್ಗದಿಂದ ಇಳಿಬಿಡುವ ಹುಲ್ಲಿನೆಳೆ 7, 5, 3ರ ಗುಂಪಾಗಿರಲಿ. ಶಿಮೆನವಾ ಎಂಬುದನ್ನು ಆ ಮೂರು ಅಂಕಿಗಳಿಂದಲೂ ಬರೆಯುವುದುಂಟು. ನಡುವೆ ‘ಶಿದೆ’ ಎಂಬ ಬಿಳಿ ಕಾಗದದ ಅಂಕುಡೊಂಕು ಪಟ್ಟಿ. ಮಡಿಸಿದ ಕಾಗದವನ್ನು ಎಡಬಲದಿಂದ ಒಂದಾದ ಮೇಲೊಂದು ಮೂರು ಸಲ, ಮುಕ್ಕಾಲು ಅಗಲದವರೆಗಷ್ಟೇ ಕತ್ತರಿಸಿ, ಪದರಗಳನ್ನು ಮಡಿಸುತ್ತಾ ಬಿಚ್ಚಿ. ಅದು ಮಿಂಚಿನ ಆಕಾರ ಎನ್ನುತ್ತಾರೆ. ಮಿಂಚಿಗೆ ಜಪಾನಿ ಹೆಸರು ಇನಾಜುಮಾ. ಭತ್ತದ ಸಂಗಾತಿ ಎಂಬುದು ಅದರ ಮೂಲ ಅರ್ಥ. ಮಿಂಚಿದರೆ ತೆನೆ ಕಾಳುಕಟ್ಟುತ್ತದೆ ಎಂಬ ನಂಬಿಕೆಯಿತ್ತು.

ದಪ್ಪ ಬುಡ ನೋಡುವವರ ಬಲಕ್ಕೆ ಬರಲಿ. ಆದರೆ ಇಜುಮೊದ ಮಹಾಗುಡಿಯಲ್ಲಿ ಎಡಕ್ಕಿರುತ್ತದೆ. ಡಿಸೆಂಬರ್ 28ಕ್ಕೆ ಕಟ್ಟುವುದು ಒಳ್ಳೆಯದು. 29ರ ಒಂಬತ್ತು ಜಪಾನಿಯಲ್ಲಿ ಕಷ್ಟ ಎಂಬ ಪದದಂತೆ ಕೇಳಿಸುತ್ತದೆ, 31 ತೀರ ಕೊನೇ ಗಳಿಗೆ. ತೆಗೆದದ್ದನ್ನು ಜನವರಿ 15ರ ಸುಮಾರಿಗೆ ಗುಡಿಯ ಬೆಂಕಿಗೆ ಹಾಕುತ್ತಾರೆ, ಹೆಚ್ಚುಕಡಿಮೆ ನಮ್ಮಲ್ಲಿ ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವ ದಿನಗಳಲ್ಲೇ.