ಒಂದೇ ಒಂದು ಸುಳ್ಳು ಸಾಕಾಯಿತು

ಒಂದು ಕ್ರೈಂ ಚಿತ್ರಕ್ಕೆ ಚಿತ್ರಕಥೆ ಬರೆಯುವಾಗ ನನ್ನನ್ನು ತುಂಬಾ ಕಾಡಿದ್ದು ವಿಚಾರಣೆಯ ದೃಶ್ಯ. ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದವನು ಸಾಕ್ಷಿಯಾಗಿ ಬಂದು ಕೂತಿದ್ದಾನೆ. ಕೊಲೆ ಮಾಡಿದವನೂ ಅವನೇ. ಇಡೀ ಕಥೆ ನಮಗೆ ಗೊತ್ತಾಗುವುದು ಅವನ ಬಾಯಿಂದಲೇ.

ಮೊದಲ ಡ್ರಾಫ್ಟ್‌ನಲ್ಲಿ ಅವನು ಹೇಳಿದ್ದೆಲ್ಲ ಸುಳ್ಳು. ಓದಿದ ಗೆಳೆಯ, "ಅಧಿಕಾರಿ ಇಷ್ಟು ದಡ್ಡನಾ?" ಅಂತ ಕೇಳಿದ. ಸರಿಯಾದ ಪ್ರಶ್ನೆ. ದಡ್ಡನಿಗೆ ಮೋಸ ಮಾಡೋದರಲ್ಲಿ ಏನಿದೆ?

ಆಮೇಲೆ ಆ ರಾತ್ರಿ ನಿಜವಾಗಿ ನಡೆದದ್ದನ್ನು ಗಂಟೆ ಗಂಟೆಗೂ ಬರೆದುಕೊಂಡೆ. ಅವನ ಹೇಳಿಕೆಯಲ್ಲಿ ಬದಲಿಸಿದ್ದು ಒಂದೇ ಸಂಗತಿ. ನಿಜದಲ್ಲಿ ಸತ್ತವನು ತಾನೇ ಬಾಗಿಲು ತೆರೆದು ಇವನನ್ನು ಒಳಗೆ ಕರೆದಿದ್ದ. ಇವನು ಹೇಳುವುದು, "ಕೆಳಗೆ ಕೀ ತಿರುಗಿದ ಸದ್ದು ಕೇಳಿಸಿತು ಸರ್." ಅಷ್ಟೇ. ಇನ್ನುಳಿದ ಯಾವುದನ್ನು ವಿಚಾರಿಸಿದರೂ ತಾಳೆ ಆಗುತ್ತೆ.

ನಿಜವಾದ ವಿಚಾರಣೆಗಳಲ್ಲಿ ಘಟನೆಯನ್ನು ಕೊನೆಯಿಂದ ಹಿಂದಕ್ಕೆ ಹೇಳಿಸುವುದುಂಟು. ಕಟ್ಟಿದ ಕಥೆಯನ್ನು ಹಾಗೆ ಹೇಳೋದು ಕಷ್ಟ. ನನ್ನ ಅಧಿಕಾರಿಯೂ ಅದನ್ನೇ ಕೇಳುತ್ತಾನೆ. ಗಿಳಿಪಾಠ ಒಪ್ಪಿಸಿದರೆ ಅನುಮಾನ ಬರುತ್ತೆ, ಅಲ್ವಾ? ಹಾಗಾಗಿ ನಡುವೆ ಇವನು ತಡೆದು, "ಇಲ್ಲ ಸರ್, ಮಳೆ ಶುರುವಾಗಿದ್ದು ಆಮೇಲೆ. ಆಗ ತಪ್ಪು ಹೇಳಿಬಿಟ್ಟೆ" ಅನ್ನುತ್ತಾನೆ. ಅಧಿಕಾರಿ ಪೆನ್ನು ಎತ್ತಿ ಹಳೇ ಸಾಲು ಹೊಡೆದು ಹಾಕುತ್ತಾನೆ. ನನ್ನ ಮಟ್ಟಿಗೆ ಅಧಿಕಾರಿ ಸೋತದ್ದು ಅಲ್ಲಿ. ತಪ್ಪು ಒಪ್ಪಿಕೊಳ್ಳುವವನನ್ನು ಯಾರು ತಾನೇ ನಂಬಲ್ಲ?

ಆ ಮನೆಯ ಇನ್ನೊಂದು ಕೀ ಇದ್ದದ್ದು ಸತ್ತವನ ತಮ್ಮನ ಹತ್ತಿರ. ಆ ಹೆಸರನ್ನು ಇವನ ಬಾಯಿಂದ ಬರಿಸಲಿಲ್ಲ. ಅಧಿಕಾರಿಗೆ ತಮ್ಮನ ಮೇಲೆ ಮೊದಲೇ ಕಣ್ಣಿತ್ತು. "ತಮ್ಮ ಬಂದಿದ್ನಾ?" ಅಂತ ಅವನೇ ಕೇಳುತ್ತಾನೆ. ಇವನು ಸುಮ್ನೆ ತಲೆ ತಗ್ಗಿಸುತ್ತಾನೆ.

ಫ್ಲ್ಯಾಶ್‌ಬ್ಯಾಕ್ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಥ್ರಿಲ್ಲರ್‌ಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ 1950ರ 'ಸ್ಟೇಜ್ ಫ್ರೈಟ್'ನಲ್ಲಿ ಸುಳ್ಳನ್ನೇ ಫ್ಲ್ಯಾಶ್‌ಬ್ಯಾಕ್ ಮಾಡಿ ತೋರಿಸಿದ್ದರು. ಅದು ತಪ್ಪಾಯಿತು ಅಂತ ಮುಂದೆ ಫ್ರೆಂಚ್ ನಿರ್ದೇಶಕ ತ್ರೂಫೋ ಹತ್ತಿರ ಅವರೇ ಒಪ್ಪಿಕೊಂಡರು. ಪಾತ್ರ ಸುಳ್ಳು ಹೇಳಲಿ, ಕ್ಯಾಮೆರಾ ಹೇಳಬಾರದು ಅನ್ನೋದು ನನ್ನ ನಂಬಿಕೆ. ಹಾಗಾಗಿ ಮಳೆ, ಮೆಟ್ಟಿಲು, ಫೋನ್ ಕರೆ ಎಲ್ಲ ತೆರೆಯ ಮೇಲೆ ಬರುತ್ತವೆ. ಕೀ ಮಾತು ಬಂದಾಗ ಮಾತ್ರ ಕ್ಯಾಮೆರಾ ವಿಚಾರಣೆ ಕೋಣೆಯಲ್ಲೇ, ಅವನ ಮುಖದ ಮೇಲೆ ನಿಲ್ಲುತ್ತೆ. ನಿರ್ದೇಶಕರು ಅಲ್ಲಿ ಕೀ ತಿರುಗುವ ಕ್ಲೋಸಪ್ ಬೇಕೆಂದರು. ಎರಡು ದಿನ ವಾದ ಮಾಡಿದೆವು. ಕೊನೆಗೆ ಆ ಶಾಟ್ ತೆಗೆಯಲಿಲ್ಲ.